ಕೋರ್ಸ್ ಫ್ರೀ ಐತಿ, ಆದ್ರ ಹೊಲ ನಮ್ಮದು: ಮೊಬೈಲಿನ ಪಾಠವನ್ನ ಎರಿ ಭೂಮಿಗೆ ಇಳಿಸೋದು ಹೆಂಗ?

ವಾರಕ್ಕೆ ಒಬ್ಬರಾದರೂ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿ ಕೇಳ್ತಾರೆ: "ಅಣ್ಣಾರ, ಈ ಕೋರ್ಸ್ ಫ್ರೀ ಐತಂತ. ಸೇರ್ಲೋ ಬ್ಯಾಡೋ?" ಪಿಯುಸಿಗೆ ಓದು ಬಿಟ್ಟು ಹೊಲಕ್ಕೆ ಬಂದವರು ಕೇಳ್ತಾರೆ. ಬಿ.ಎ. ಮುಗಿಸಿ ಒಂದು ಕೈಯಲ್ಲಿ ಪೊಲೀಸ್ ಪರೀಕ್ಷೆ ಪುಸ್ತಕ, ಇನ್ನೊಂದು ಕೈಯಲ್ಲಿ ಅಪ್ಪನ ಎಡೆಕುಂಟಿ ಹಿಡಿದವರೂ ಕೇಳ್ತಾರೆ. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕಿನಿಂದ ಬರೋ ಪ್ರಶ್ನೆ ಒಂದೇ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಹಾಕೋ ಬದಲು ಈ ವಾರ ಇದನ್ನೇ ಬರೀತೀನಿ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಸೇರ್ರಿ. ಆದ್ರ ಒಬ್ಬರೇ ಕೂತು ನೋಡಬ್ಯಾಡ್ರಿ. ಯಾಕಂತ ಮುಂದೆ ಹೇಳ್ತೀನಿ.

ಏನೇನು ಸಿಗ್ತದೆ

ನಾನು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವನು. ಅಲ್ಲಿ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರ ಬಹುಪಾಲು ಇವತ್ತು ಒಂದು ರೂಪಾಯಿ ಖರ್ಚಿಲ್ಲದೆ ಫೋನಿನಲ್ಲಿ ಸಿಗ್ತದೆ. ದೊಡ್ಡ ಮಾತಲ್ಲ, ಖರೇನೇ. ಐಸಿಎಆರ್, ಅಂದ್ರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಕೃಷಿ ಮತ್ತು ತೋಟಗಾರಿಕೆ ಪದವಿಯ ಪಾಠಗಳನ್ನೇ 'ಇ-ಕೃಷಿ ಶಿಕ್ಷಾ' ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಇಗ್ನೊ ವಿಶ್ವವಿದ್ಯಾಲಯದ ಪಠ್ಯಗಳು 'ಇ-ಜ್ಞಾನಕೋಶ'ದಲ್ಲಿವೆ. ಸಾವಯವ ಕೃಷಿಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ರೆ ಫೀ ಕಟ್ಟಬೇಕು, ಓದೋದಕ್ಕೆ ಕಟ್ಟಬೇಕಿಲ್ಲ. ಐಐಟಿಗಳೂ ಬೆಂಗಳೂರಿನ ಐಐಎಸ್ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್‌ನಲ್ಲಿ ಮಣ್ಣು-ನೀರಿನ ಬಗ್ಗೆ ಪಾಠಗಳಿವೆ. 2017ರ ಜುಲೈ 9ರಂದು ಕೇಂದ್ರ ಸರ್ಕಾರ 'ಸ್ವಯಂ' ಶುರು ಮಾಡಿತು. ಅದರಲ್ಲಿ ವಿಡಿಯೋ ಪಾಠ, ಇಳಿಸಿಕೊಂಡು ಓದೋ ಪಠ್ಯ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋ ಪ್ರಶ್ನೆಗಳು, ಸಂಶಯ ಕೇಳೋ ಜಾಗ, ನಾಲ್ಕೂ ಒಂದೇ ಕಡೆ ಇರ್ತವೆ. ಐಐಟಿ ಕಾನ್ಪುರವೂ 'ಕಾಮನ್‌ವೆಲ್ತ್ ಆಫ್ ಲರ್ನಿಂಗ್' ಸಂಸ್ಥೆಯೂ ಕೂಡಿ ಬರೇ ಕೃಷಿಗಂತಲೇ 'ಆಗ್‌ಮೂಕ್ಸ್' ನಡೆಸಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಇ-ಕಲಿಕೆ ಅಕಾಡೆಮಿ ಪೂರ್ತಿ ಉಚಿತ. ನೆಟ್‌ವರ್ಕ್ ಹಿಡಿಯದ ಊರಿನವರಿಗೆ 'ಸ್ವಯಂ ಪ್ರಭಾ' ಐತಿ. ಡಿಟಿಎಚ್ ಬುಟ್ಟಿ ಇದ್ದರೆ ಟಿ.ವಿ.ಯಲ್ಲೇ ಪಾಠ ಬರ್ತದೆ. 32 ಚಾನೆಲ್‌ಗಳಿಂದ ಶುರುವಾಗಿದ್ದು ಈಗ ಇನ್ನೂ ಹೆಚ್ಚಾಗಿವೆ.

ಇದರಿಂದ ಉಪಯೋಗ ಇಲ್ಲ ಅನ್ನೋರ ಮಾತು ನಾನು ಒಪ್ಪೋದಿಲ್ಲ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ನಮ್ಮ ರಾಜ್ಯದಲ್ಲಿ, ಶಿವಮೊಗ್ಗ ಕಡೆ ಗೋವಿನಜೋಳದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ನಮ್ಮ ಕಡೆ ಬರೋದಕ್ಕೆ ತಡವಾಗಲಿಲ್ಲ. ಆ ಹುಳುವಿನ ತಲೆ ಮೇಲೆ ತಲೆಕೆಳಗಾದ 'ವೈ' ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕಿ ಇರ್ತವೆ. ಇದನ್ನ ಬಾಯಿಮಾತಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ. ಎರಡು ನಿಮಿಷದ ವಿಡಿಯೋ ನೋಡಿದವನು ಮರುದಿನ ಸುಳಿ ಬಿಡಿಸಿ ನೋಡಿ ಹುಳು ಗುರುತಿಸ್ತಾನೆ. ಹುಳು-ರೋಗ ಗುರುತು ಹಿಡಿಯೋದು, ಕಸಿ ಕಟ್ಟೋದು, ಜೀವಾಮೃತ ಕಲಸೋದು, ಮಣ್ಣಿನ ಮಾದರಿ ತೆಗೆಯೋದು, ಹೀಂಗ ಕಣ್ಣಿನಿಂದ ಕಲಿಯೋ ಕೆಲಸಕ್ಕೆ ಫೋನಿನಂಥ ಮಾಸ್ತರ ಇನ್ನೊಬ್ಬ ಇಲ್ಲ.

ಇನ್ನೊಂದು ಮಾತು. ಪುಕ್ಕಟೆ ಪಾಠ ನಮ್ಮ ಸೀಮೆಗೆ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಅದರ ಕೃಷಿ ಕಾರ್ಯಕ್ರಮ ಕೇಳಿಕೊಂಡೇ ನಮ್ಮ ಅಜ್ಜಂದಿರು ಹೈಬ್ರಿಡ್ ಹತ್ತಿ ಹಾಕೋದು, ಬೀಜೋಪಚಾರ ಮಾಡೋದು ಕಲಿತರು. ಅದಕ್ಕೂ ಇವತ್ತಿನ ಕೋರ್ಸಿಗೂ ಒಂದು ದೊಡ್ಡ ಫರಕ್ ಐತಿ. ರೇಡಿಯೋದಲ್ಲಿ ಮಾತಾಡೋರು ನಮ್ಮ ಭಾಷೆಯಲ್ಲಿ, ನಮ್ಮ ಎರಿ ಹೊಲದ ಬಗ್ಗೆ, ನಮ್ಮ ಹಿಂಗಾರಿ ಹದದ ಬಗ್ಗೆ ಮಾತಾಡ್ತಿದ್ರು. ಇವತ್ತಿನ ಕೋರ್ಸ್ ಜಗತ್ತಿಗೆಲ್ಲ ಮಾಡಿದ್ದು. ಅದು ನಮ್ಮ ಹೊಲ ಯಾವುದಂತ ಕೇಳೋದಿಲ್ಲ.

ಮಣ್ಣು ಕೇಳದ ಪಾಠ

ಸವದತ್ತಿ ತಾಲೂಕಿನಲ್ಲಿ ಒಬ್ಬ ಹುಡುಗ ಇದ್ದಾನೆ. ಹೆಸರು ಬ್ಯಾಡ. ಮಲಪ್ರಭಾ ಕಾಲುವೆ ನೀರು ಬರೋ, ಆಳವಾದ ಕರಿ ಎರಿ ಹೊಲ ಅವರದು. ಕಡಲೆ, ಜೋಳ, ಹತ್ತಿ ಹೊನ್ನಿನಂಗ ಬೆಳೆಯೋ ಭೂಮಿ. ಅವನು ದಾಳಿಂಬೆ ಬಗ್ಗೆ ಒಂದು ಉಚಿತ ಕೋರ್ಸ್ ಪೂರ್ತಿ ಮುಗಿಸಿದ. ನೋಟ್ಸ್ ಬರೆದುಕೊಂಡಿದ್ದ, ನನಗೂ ತೋರಿಸಿದ, ಅಚ್ಚುಕಟ್ಟಾಗಿದ್ದವು. ಕೋರ್ಸಿನಲ್ಲೂ ತಪ್ಪಿರಲಿಲ್ಲ. ಆದರೆ ಅದು ಗರಸು ಮಿಶ್ರಿತ, ನೀರು ಸರಾಗ ಬಸಿದು ಹೋಗೋ ಹಗುರ ಭೂಮಿಗೆ ಮಾಡಿದ ಪಾಠ. ಗುಣಿ, ಅಂತರ, ಡ್ರಿಪ್ಪಿನ ಲೆಕ್ಕ ಎಲ್ಲ ಅದಕ್ಕೇ ಹೊಂದಿದ್ದು. ಅವನು ಅದನ್ನೇ ಎರಡು ಎಕರೆ ಎರಿಗೆ ಇಳಿಸಿದ.

ಎರಡನೇ ಮಳೆಗಾಲಕ್ಕೆ ಗಿಡಗಳು ಒಂದೊಂದಾಗಿ ಸೊರಗಿದವು. ಮೊದಲು ಒಂದು ಟೊಂಗೆ ಹಳದಿ, ಆಮೇಲೆ ಇಡೀ ಗಿಡ. ನಾನು ಹೋದಾಗ ಕಾಂಡ ಸೀಳಿ ನೋಡಿದ್ವಿ, ಒಳಗೆ ಕಂದು-ಬೂದು ಬಣ್ಣ ಇಳಿದಿತ್ತು. ಸೊರಗು ರೋಗ. ನೀರು ನಿಲ್ಲೋ ಭಾರದ ಮಣ್ಣಿನಲ್ಲಿ ಇದರ ಕಾಟ ಹೆಚ್ಚು. ಅವನು ಕೋರ್ಸಿನ ಚರ್ಚೆಯ ಜಾಗದಲ್ಲಿ "ನಂದು ಕಪ್ಪು ಮಣ್ಣು, ಏನ್ ಮಾಡ್ಲಿ?" ಅಂತ ಕೇಳಿದ್ದನಂತೆ. ಒಂದು ವಾರದ ಮೇಲೆ ಉತ್ತರ ಬಂತು: ನಿಮ್ಮ ಸ್ಥಳೀಯ ತಜ್ಞರನ್ನು ಕೇಳಿ. ಸರಿಯಾದ ಉತ್ತರವೇ. ಆದರೆ ಸಸಿ ಹಚ್ಚೋ ಮೊದಲು ಬರಬೇಕಿತ್ತು. ಸೊಸೈಟಿ ಸಾಲ ಇನ್ನೂ ಐತಿ.

ಇಂಥದ್ದು ಬೇಕಾದಷ್ಟಿವೆ. ಹೊರದೇಶದ ತೋಟಗಾರಿಕೆ ಪಾಠಗಳಲ್ಲಿ ಮೊದಲ ಪಾಠದಲ್ಲೇ ಮಣ್ಣಿಗೆ ಸುಣ್ಣ ಹಾಕಿರಿ ಅಂತ ಬರ್ತದೆ. ಅವರದು ಹುಳಿ ಮಣ್ಣು, ಅದಕ್ಕೆ ಸರಿ. ನಮ್ಮ ಮಲೆನಾಡಿಗೂ ಕರಾವಳಿಗೂ ಸರಿ. ಸವದತ್ತಿ, ರಾಮದುರ್ಗದ ಎರಿಯಲ್ಲಿ ನೇಗಿಲು ಹಾಕಿದ್ರೆ ಸುಣ್ಣದ ಹರಳು ಮ್ಯಾಲೇ ಕಾಣ್ತಾವು! ಅಲ್ಲಿ ಇನ್ನೂ ಸುಣ್ಣ ಹಾಕಿದ್ರೆ ನಿಂಬೆ ಗಿಡದ ಎಳೆ ಎಲೆ ಇನ್ನಷ್ಟು ಹಳದಿ ಆಗ್ತದೆ. ನಮ್ಮಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಬಹಳ ಸಲ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರ್ತದೆ, ಸುಣ್ಣ ಅದನ್ನ ಬಿಗಿ ಹಿಡಿದಿರ್ತದೆ. ಅದಕ್ಕೇ ಅನ್ನಭೇದಿಯನ್ನ ಬುಡಕ್ಕೆ ಹಾಕೋದಕ್ಕಿಂತ ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಎಲೆಗೆ ಸಿಂಪಡಿಸಿದ್ರೆ ಬೇಗ ತಾಗ್ತದೆ. ಡ್ರಿಪ್ಪಿನದೂ ಹಂಗ. ಒಂದು ಹನಿ ಬಿದ್ದ ಕಡೆಯಿಂದ ನೀರು ಎರಿಯಲ್ಲಿ ಅಗಲಕ್ಕೆ ಹರಡ್ತದೆ, ಮಸಾರಿಯಲ್ಲಿ ಕೆಳಗೆ ಇಳೀತದೆ. ಒಂದೇ ಅಂತರ ಎರಡಕ್ಕೂ ಹೊಂದೋದಿಲ್ಲ. ಕಿತ್ತೂರ ಕಡೆಯ ಮಸಾರಿಗೆ ಹೇಳಿದ ಮಾತು ಹದಿನೈದು-ಇಪ್ಪತ್ತು ಮೈಲಿ ಆಚೆಗೇ ನಡೆಯೋದಿಲ್ಲ ಅಂದ್ಮೇಲೆ, ಬೇರೆ ದೇಶದಿಂದ ಬಂದ ಮಾತಿನ ಕತೆ ಏನು?

ನಾನು ಈಗ ಒಂದು ಲೆಕ್ಕ ಇಟ್ಟುಕೊಂಡಿದೀನಿ. ಪಾಠದಲ್ಲಿ 'ಏನು' ಮತ್ತು 'ಯಾಕೆ' ಅಂತ ಬಂದದ್ದನ್ನ ನಂಬ್ತೀನಿ. 'ಎಷ್ಟು' ಮತ್ತು 'ಯಾವಾಗ' ಅಂತ ಬಂದದ್ದನ್ನ ನಮ್ಮ ಮಣ್ಣಿನ ಕಾರ್ಡ್ ಪಕ್ಕದಲ್ಲಿಟ್ಟುಕೊಂಡೇ ನೋಡ್ತೀನಿ.

ಶುರು ಮಾಡೋರು ಬಹಳ, ಮುಗಿಸೋರು ಕಡಿಮೆ

ಈ ದೊಡ್ಡ ಆನ್‌ಲೈನ್ ಕೋರ್ಸುಗಳಿಗೆ ಮೂಕ್ ಅಂತಾರೆ. ಹೆಸರು ಹುಟ್ಟಿದ್ದು 2008ರಲ್ಲಿ ಕೆನಡಾದಲ್ಲಿ. 2012ರಲ್ಲಿ ಅಮೆರಿಕದ ಪತ್ರಿಕೆಗಳು ಇದು ಮೂಕ್‌ಗಳ ವರ್ಷ ಅಂತ ಬರೆದವು, ಬಡವರ ಮನೆ ಬಾಗಿಲಿಗೇ ಹಾರ್ವರ್ಡ್ ಬಂತು ಅಂತ ಸಂಭ್ರಮ ನಡೀತು. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಕೋರ್ಸುಗಳ ಲೆಕ್ಕ ಹಾಕಿದ ಒಂದು ಅಧ್ಯಯನ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಸುಮಾರು ಮೂರೇ ಮಂದಿ. ಸೇರೋರ ಸಂಖ್ಯೆ ಬೆಳೆದದ್ದೂ ಹೆಚ್ಚಾಗಿ ಶ್ರೀಮಂತ ದೇಶಗಳಲ್ಲೇ.

ನಮ್ಮ ಹುಡುಗರು ಬಿಡೋದಕ್ಕೆ ಕಾರಣ ಸೋಮಾರಿತನ ಅಲ್ಲ. ಕೋರ್ಸಿನ ಮೂರನೇ ವಾರಕ್ಕೆ ಸರಿಯಾಗಿ ಹೆಸರು ಬಿಡಿಸೋ ಕೆಲಸ ಬರ್ತದೆ, ಇಲ್ಲಾ ಕಬ್ಬಿನ ಗ್ಯಾಂಗ್ ಬರ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೆಲ್ಲಾ ನೀರು ಹಾಯಿಸೋದು, ಹಗಲು ನಿದ್ದಿ. ಅದಕ್ಕಿಂತ ದೊಡ್ಡದು ಇಂಗ್ಲಿಷ್. ಈ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಎನ್‌ಪಿಟಿಇಎಲ್‌ನವರು ಕೆಲವು ಕೋರ್ಸುಗಳ ಪಠ್ಯವನ್ನ ಕನ್ನಡಕ್ಕೂ ತಂದಿದ್ದಾರೆ, ಒಳ್ಳೆಯದಾಯ್ತು. ಆದರೆ ಓದಿ ನೋಡಿದರೆ ಅದು ಗ್ರಂಥದ ಕನ್ನಡ. ನಮ್ಮಪ್ಪನಿಗೆ 'ಅಂತರ ಬೇಸಾಯ ಕಾರ್ಯಾಚರಣೆ' ಅಂದ್ರೆ ತಿಳಿಯೋದಿಲ್ಲ, 'ಎಡೆ ಹೊಡಿಯೋದು' ಅಂದ್ರೆ ಅವರೇ ಒಂದು ತಾಸು ಪಾಠ ಮಾಡ್ತಾರೆ.

ಕರ್ನಾಟಕದ 16 ಹಳ್ಳಿಗಳು ಕಲಿಸಿದ್ದು

ಇದಕ್ಕೆ ದಾರಿ ಏನು ಅನ್ನೋದನ್ನ ತೋರಿಸಿದ ಒಂದು ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದದ್ದು. ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಅನ್ನೋರೂ ಅವರ ಜತೆಗಾರರೂ 'ಡಿಜಿಟಲ್ ಗ್ರೀನ್' ಶುರು ಮಾಡಿದ್ರು. ಹಳ್ಳಿಗಳಲ್ಲಿ ಕೆಲಸ ಮಾಡ್ತಿದ್ದ ಗ್ರೀನ್ ಫೌಂಡೇಶನ್ ಜತೆಗೂಡಿ, 16 ಹಳ್ಳಿಗಳಲ್ಲಿ 13 ತಿಂಗಳು ನೋಡಿದ್ರು. ಎಂಟು ಹಳ್ಳಿಯಲ್ಲಿ ಮಾಮೂಲಿ ರೀತಿ, ಅಂದ್ರೆ ವಿಸ್ತರಣಾ ಕಾರ್ಯಕರ್ತರು ಬಂದು ಹೇಳಿ ಹೋಗೋದು. ಇನ್ನೆಂಟು ಹಳ್ಳಿಯಲ್ಲಿ ವಿಡಿಯೋ. ಆ ವಿಡಿಯೋದಲ್ಲಿ ಇದ್ದವರು ಪ್ರೊಫೆಸರ್ ಅಲ್ಲ, ಅಲ್ಲಿಯದೇ ರೈತರು. ತೋರಿಸ್ತಿದ್ದವರು ಊರಿನವರೇ ಒಬ್ಬರು. ಟಿ.ವಿ., ಡಿವಿಡಿ ಪ್ಲೇಯರ್ ಇಟ್ಟು, ನಡುನಡುವೆ ನಿಲ್ಲಿಸಿ, "ಇದು ನಿಮಗ ಆಗ್ತದಾ? ಯಾರು ಮಾಡಿ ನೋಡ್ತೀರಿ?" ಅಂತ ಕೇಳೋದು ಅವರ ಕೆಲಸ. ಮುಂದೆ ಆ ಪದ್ಧತಿಗಳನ್ನ ಹೊಲದಲ್ಲಿ ಮಾಡಿದವರ ಪ್ರಮಾಣ ಮಾಮೂಲಿ ರೀತಿಗಿಂತ ಏಳು ಪಟ್ಟು ಹೆಚ್ಚಿತ್ತು. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಹತ್ತು ಪಟ್ಟು ಲಾಭ.

ವಿಡಿಯೋ ನೋಡಿದವರು ಬಹಳ ಸಲ ಮೊದಲು ಕೇಳ್ತಿದ್ದದ್ದು, ಈ ರೈತ ಯಾರು, ಯಾವ ಊರವನು ಅಂತ. ನನಗೆ ಇದು ಆಶ್ಚರ್ಯ ಅಲ್ಲ. ನಮ್ಮ ಸಂತೆಯಲ್ಲಿ ಬೀಜ ಕೊಳ್ಳೋ ಮುಂಚೆನೂ ನಾವು ಕೇಳೋದು ಅದನ್ನೇ. ಯಾವ ಊರಾಂವ, ಹೊಲ ಎಂಥಾದ್ದು, ನೀರು ಎಲ್ಲಿಂದು? ಅವನ ಹೊಲ ನಮ್ಮ ಹೊಲದಂಗಿದ್ದರೆ ಮಾತು ನಂಬ್ತೀವಿ.

ಆ ಪ್ರಯೋಗದಿಂದ ನಾನು ತಿಳ್ಕೊಂಡಿದ್ದು ಇಷ್ಟು: ವಿಡಿಯೋ ಅರ್ಧ ಕೆಲಸ. ನಿಲ್ಲಿಸಿ ಕೇಳೋ ಮನುಷ್ಯ ಇನ್ನರ್ಧ. ಉಚಿತ ಕೋರ್ಸಿನವರು ಮೊದಲ ಅರ್ಧ ಕೊಡ್ತಾರೆ. ಎರಡನೇದನ್ನ ನಾವೇ ಹುಟ್ಟಿಸಿಕೊಳ್ಳಬೇಕು.

ನಮ್ಮ ಕಟ್ಟೆ ಕ್ಲಾಸು

ಬೈಲಹೊಂಗಲ ಹತ್ತಿರದ ನಮ್ಮೂರಲ್ಲಿ ನಾವು ಇದನ್ನೇ ಮಾಡಿ ನೋಡಿದ್ವಿ. ಎಂಟು ವಾರದ, ಮಣ್ಣಿನ ಆರೋಗ್ಯದ ಒಂದು ಇಂಗ್ಲಿಷ್ ಕೋರ್ಸ್. ಸೇರಿದವರು 14 ಜನ, ಕಿತ್ತೂರ ಕಡೆಯಿಂದ ಇಬ್ಬರು ಬೈಕ್ ಮೇಲೆ ಬರ್ತಿದ್ರು. ವಾರದಲ್ಲಿ ಒಂದು ದಿನ ಕೂಡೋದು. ಪಾಠವನ್ನ ಒಬ್ಬ ಮೊದಲೇ ಡೌನ್‌ಲೋಡ್ ಮಾಡಿ ತರ್ತಾನೆ, ಹಂಗಾಗಿ ಒಬ್ಬನ ಡೇಟಾದಲ್ಲಿ ಹದಿನಾಲ್ಕು ಮಂದಿ ನೋಡ್ತೀವಿ. ಐದು ನಿಮಿಷ ಓಡಿಸೋದು, ನಿಲ್ಲಿಸೋದು. ಇಂಗ್ಲಿಷ್ ಬರೋನು ಕನ್ನಡದಲ್ಲಿ ಹೇಳ್ತಾನೆ, ಉಳಿದವರು ಜಗಳ ತೆಗೀತಾರೆ.

ಜಗಳ ಅಂದ್ರೆ ಇಂಥಾದ್ದು. ಎರಡನೇ ವಾರ ಪಾಠದಲ್ಲಿ ಸಾವಯವ ಇಂಗಾಲದ ಮಾತು ಬಂತು. ನಮ್ಮ ದೇಶದ ಲೆಕ್ಕದಲ್ಲಿ 0.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75 ದಾಟಿದರೆ ಉತ್ತಮ. ಎಲ್ಲರೂ ತಮ್ಮ ಮಣ್ಣಿನ ಕಾರ್ಡ್ ತಂದಿದ್ರು. ಕಾರ್ಡುಗಳನ್ನ ಸಾಲಾಗಿ ನೆಲದ ಮೇಲೆ ಇಟ್ವಿ. ನಮ್ಮ ಎರಿ ಹೊಲಗಳ ರಸಸಾರ 8.2, 8.4. ಕಿತ್ತೂರ ಹುಡುಗರ ಮಸಾರಿ 6.4. ಒಂದೇ ಪಾಠ, ಆದ್ರ ಎರಡು ಉತ್ತರ ಅಂತ ಅಲ್ಲೇ ಕಂಡಿತು. ಯಾವ ಕೋರ್ಸಿನ ಪರೀಕ್ಷೆಯೂ ಇದನ್ನ ಕಲಿಸ್ತಿರಲಿಲ್ಲ.

ಅದೇ ಪಾಠದಲ್ಲಿ ಒಂದು ಸರಳ ಪ್ರಯೋಗ ಇತ್ತು. ಒಣಗಿದ ಮಣ್ಣಿನ ಹೆಂಟೆಯನ್ನ ಗಾಜಿನ ಲೋಟದ ನೀರಲ್ಲಿ, ಒಂದು ಜಾಳಿಗೆ ಮೇಲೆ, ಮೆಲ್ಲಗೆ ಇಡೋದು. ನಾವು ಎರಡು ಲೋಟ ಇಟ್ವಿ. ಒಂದರಲ್ಲಿ ಪ್ರತಿ ವರ್ಷ ಟ್ರ್ಯಾಕ್ಟರ್ ಹೊಡೆದ ಹೊಲದ ಹೆಂಟೆ, ಇನ್ನೊಂದರಲ್ಲಿ ಅದೇ ಹೊಲದ ಒಡ್ಡಿನ ಬೇವಿನ ಗಿಡದ ಬುಡದ್ದು. ಮೊದಲನೇದು ಸಕ್ಕರೆ ಅಚ್ಚಿನಂಗ ಕರಗಿ ತಳಕ್ಕೆ ಕುಂತಿತು. ಒಡ್ಡಿನದು ಹಂಗೇ ನಿಂತಿತ್ತು. ಬಾಗಿಲ ಹತ್ತಿರ ಕೂತು ನೋಡ್ತಿದ್ದ ಕಾಕಾ ಒಬ್ಬರು ಎದ್ದು ಬಂದು ಲೋಟ ಕೈಗೆ ತಗೊಂಡ್ರು. "ತಮ್ಮಾ, ಇದು ನನ್ನ ಹೊಲಾನೇ ಏನು?" ಅಂತ ಕೇಳಿದ್ರು. ಮರುವಾರ ಅವರೇ ಹೊಸದಾಗಿ ಸೇರಿದ್ರು, ಕೋರ್ಸಿನಲ್ಲಿ ಹೆಸರಿಲ್ಲ, ಇಂಗ್ಲಿಷ್ ಬರಲ್ಲ, ಆದ್ರ ಒಂದು ವಾರನೂ ತಪ್ಪಿಸಲಿಲ್ಲ.

14ರಲ್ಲಿ 7 ಮಂದಿ ಕೊನೆವರೆಗೆ ಬಂದ್ವಿ. ಇದು ಸಂಶೋಧನೆ ಅಲ್ಲ, ಒಂದು ಊರಿನ ಲೆಕ್ಕ. ಆದರೆ ಅದಕ್ಕೂ ಮೊದಲು ಇದೇ ಹುಡುಗರು ಒಬ್ಬೊಬ್ಬರೇ ಸೇರಿ ಬಿಟ್ಟಿದ್ದ ಕೋರ್ಸುಗಳನ್ನ ಕೇಳಿದ್ರೆ ಕೈಬೆರಳು ಸಾಲೋದಿಲ್ಲ. ನಮಗೆ ತಿಳಿಯದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಧಾರವಾಡ ಕೃಷಿ ಮೇಳದಲ್ಲಿ ವಿಜ್ಞಾನಿಗಳ ಹತ್ತಿರವೋ ಒಯ್ತೀವಿ. "ಬೆಳೆ ಚಲೋ ಬರೋದಕ್ಕೆ ಏನ್ ಮಾಡಬೇಕ್ರಿ?" ಅಂತ ಕೇಳೋದಕ್ಕೂ, "8.4 ರಸಸಾರದ ಎರಿಯಲ್ಲಿ ನಿಂಬೆಗೆ ಕಬ್ಬಿಣ ಯಾವ ತಿಂಗಳು ಸಿಂಪಡಿಸಬೇಕ್ರಿ?" ಅಂತ ಕೇಳೋದಕ್ಕೂ ಸಿಗೋ ಉತ್ತರದಲ್ಲಿ ಅಜಗಜಾಂತರ.

ಮೊದಲು ನಾವು ಸೊಸೈಟಿ ಹಾಲ್‌ನಲ್ಲಿ ರಾತ್ರಿ ಎಂಟಕ್ಕೆ ಕೂಡ್ತಿದ್ವಿ. ಒಬ್ಬ ಅಕ್ಕಾರು ನೇರವಾಗಿ ಕೇಳಿದ್ರು: "ಬೀಜ ಆರಿಸೋರು ನಾವು, ಕಳೆ ತೆಗೆಯೋರು ನಾವು, ಹತ್ತಿ ಬಿಡಿಸೋರು ನಾವು. ಪಾಠ ಮಾತ್ರ ನಿಮಗಷ್ಟೇ ಏನ್ರಿ?" ಹೌದಲ್ಲ! ಸ್ಮಾರ್ಟ್‌ಫೋನ್ ಮನೆಗೆ ಒಂದಿರ್ತದೆ, ಅದು ಗಂಡಸರ ಕಿಸೆಯಲ್ಲಿ ಇರ್ತದೆ. ಈಗ ಒಬ್ಬರ ಮನೆ ಪಡಸಾಲೆಯಲ್ಲಿ ಮಧ್ಯಾಹ್ನ ಮೂರಕ್ಕೆ ಕೂಡ್ತೀವಿ, ಟಿ.ವಿ.ಗೆ ಫೋನ್ ಜೋಡಿಸಿ. ಬೀಜೋಪಚಾರದ ಪಾಠದ ದಿನ ಗಂಡಸರಿಗಿಂತ ಹೆಣ್ಮಕ್ಕಳೇ ಹೆಚ್ಚಿದ್ರು.

'ಫ್ರೀ'ಯಲ್ಲೂ ಮೂರು ಥರ

ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪಗೊಂದು ಅಂತಾರಲ್ಲ, ಹಂಗ ಸಿಕ್ಕಿದ್ದಕ್ಕೆಲ್ಲ ಹೆಸರು ಬರೆಸಬ್ಯಾಡ್ರಿ. ಕೆಲವು ಪೂರ್ತಿ ಉಚಿತ. ಕೆಲವು ಕಲಿಯೋದಕ್ಕೆ ಉಚಿತ, ಸರ್ಟಿಫಿಕೇಟಿಗೆ ಪರೀಕ್ಷೆ ಫೀ. ಎನ್‌ಪಿಟಿಇಎಲ್ ಪರೀಕ್ಷೆಗೆ ಸಾವಿರ ರೂಪಾಯಿ ಆಸುಪಾಸು ಆಗ್ತದೆ, ಬರೆಯೋದಕ್ಕೆ ಪರೀಕ್ಷಾ ಕೇಂದ್ರ ಇರೋ ಪಟ್ಟಣಕ್ಕೆ ಹೋಗಬೇಕು. ಇದರಲ್ಲಿ ಮೋಸ ಏನಿಲ್ಲ, ಮೊದಲೇ ಹೇಳಿರ್ತಾರೆ.

ಮೂರನೇದು ಗಾಳ. ಎರಡು ತಾಸಿನ 'ಉಚಿತ ವೆಬಿನಾರ್', ಒಂದೂವರೆ ತಾಸು ಎಕರೆಗೆ ಎಷ್ಟು ಲಕ್ಷ ಅನ್ನೋ ಲೆಕ್ಕ, ಕೊನೆಗೆ ಇವತ್ತು ರಾತ್ರಿ ಹನ್ನೆರಡರೊಳಗೆ ರೊಕ್ಕ ಹಾಕಿದವರಿಗೆ ಮಾತ್ರ ರಿಯಾಯಿತಿ. ಇಲ್ಲಾ, ಪಾಠ ಮಾಡಿದವರೇ ಸಸಿ ಮಾರ್ತಾರೆ. ಗುರುತು ಹಿಡಿಯೋದು ಸುಲಭ. ಬೆಳೆ ಎಲ್ಲಿ ಕೈಕೊಡ್ತದೆ, ಯಾವ ಮಣ್ಣಿಗೆ ಬೇಡ, ರೇಟ್ ಬಿದ್ದ ವರ್ಷ ಏನಾಯ್ತು ಅಂತ ಹೇಳದ ಪಾಠ ಪಾಠ ಅಲ್ಲ, ಜಾಹೀರಾತು.

ಸರ್ಟಿಫಿಕೇಟ್ ಬಗ್ಗೆ ಒಂದು ಗೊಂದಲ ಬಿಡಿಸಿಬಿಡ್ತೀನಿ, ಯಾಕಂದ್ರೆ ಹೋದ ತಿಂಗಳು ಮೂವರು ಇದನ್ನೇ ಕೇಳಿದ್ರು. ಸಾವಯವ ಕೃಷಿಯ ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಬೇರೆ, ನಿಮ್ಮ ಬೆಳೆ ಸಾವಯವ ಅನ್ನೋ ಪ್ರಮಾಣಪತ್ರ ಬೇರೆ. ಮೊದಲನೇದು ನಿಮ್ಮ ತಲೆಗೆ ಕೊಟ್ಟದ್ದು, ಎರಡನೇದು ಹೊಲಕ್ಕೆ ಕೊಡೋದು. ಅದಕ್ಕೆ ಎನ್‌ಪಿಒಪಿ ಅಡಿಯಲ್ಲಿ ಪ್ರಮಾಣೀಕರಣ ಸಂಸ್ಥೆ ಬರಬೇಕು, ಇಲ್ಲಾ ಪಿಜಿಎಸ್-ಇಂಡಿಯಾದಲ್ಲಿ ಕನಿಷ್ಠ ಐದು ರೈತರ ಗುಂಪು ಕಟ್ಟಿ ಒಬ್ಬರ ಹೊಲ ಒಬ್ಬರು ಪರಿಶೀಲಿಸಬೇಕು. ಹಂಗೇ ಗೊಬ್ಬರ-ಔಷಧಿ ಅಂಗಡಿ ಲೈಸೆನ್ಸಿಗೆ ಯಾವುದೋ ಉಚಿತ ಕೋರ್ಸಿನ ಕಾಗದ ಸಾಕಾಗೋದಿಲ್ಲ, ಅದಕ್ಕೆ ಸರ್ಕಾರ ಹೇಳಿದ ವಿದ್ಯಾರ್ಹತೆಯೇ ಬೇಕು. ಪದವಿ ಓದ್ತಿರೋರಿಗೆ ಮಾತ್ರ ನಿಜವಾದ ಲಾಭ ಐತಿ: ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40 ಶೇಕಡಾವರೆಗಿನ ಕೋರ್ಸುಗಳನ್ನ ಸ್ವಯಂ ಮೂಲಕ ಮಾಡೋದಕ್ಕೆ ಅವಕಾಶ ಇದೆ. ನಿಮ್ಮ ಕಾಲೇಜು ಒಪ್ತದಾ ಅಂತ ಮೊದಲು ಕೇಳ್ಕೊಳ್ರಿ.

ಫ್ರೀ ಬೇರೆ, ತೆರೆದದ್ದು ಬೇರೆ

ಇನ್ನೊಂದು ಫರಕ್ ನಮ್ಮಂಥ ಕನ್ನಡದ ರೈತರಿಗೆ ಬಹಳ ಮುಖ್ಯ. ಉಚಿತ ಅಂದ್ರೆ ನೋಡೋದಕ್ಕೆ ರೊಕ್ಕ ಇಲ್ಲ, ಅಷ್ಟೇ. ತೆರೆದ ಪಾಠ ಅಂದ್ರೆ ಅದನ್ನ ಇಳಿಸಿಕೊಳ್ಳಬಹುದು, ಹಂಚಬಹುದು, ಬಹಳ ಸಲ ನಮ್ಮ ಭಾಷೆಗೆ ತರಬಹುದು, ಬೇಡದ್ದು ಬಿಟ್ಟು ನಮ್ಮ ಮಾತು ಸೇರಿಸಬಹುದು. 2001ರಲ್ಲಿ ಎಂಐಟಿ ತನ್ನ ಪಾಠಗಳನ್ನೆಲ್ಲ ತೆರೆದಿಡ್ತೀನಿ ಅಂತ ಘೋಷಿಸಿತು. 2002ರಲ್ಲಿ ಯುನೆಸ್ಕೊ ಸಭೆಯಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಅನ್ನೋ ಹೆಸರು ಬಂತು. ಪಾಠದ ಕೆಳಗೆ 'ಕ್ರಿಯೇಟಿವ್ ಕಾಮನ್ಸ್' ಅಂತ ಬರೆದಿದ್ದರೆ ಮೂಲದವರ ಹೆಸರು ಹಾಕಿ, ಅಲ್ಲಿ ಹೇಳಿದ ಶರತ್ತಿನ ಪ್ರಕಾರ ಬಳಸಬಹುದು. ಕೆಲವರು ಬದಲಾವಣೆ ಬೇಡ ಅಂತಾರೆ, ಕೆಲವರು ವ್ಯಾಪಾರಕ್ಕೆ ಬೇಡ ಅಂತಾರೆ. ಅದನ್ನ ಓದ್ಕೊಂಡೇ ಕೈ ಹಾಕ್ರಿ. ಹಂಗ ಬರೆದಿಲ್ಲದ ಯೂಟ್ಯೂಬ್ ವಿಡಿಯೋವನ್ನ ಕತ್ತರಿಸಿ ನಿಮ್ಮ ಚಾನೆಲ್‌ಗೆ ಹಾಕೋದು ಸರಿಯಲ್ಲ.

ಕನ್ನಡದಲ್ಲಿ ಇದು ಆಗೋದಿಲ್ಲ ಅನ್ನಬ್ಯಾಡ್ರಿ. ನಮ್ಮ ಸರ್ಕಾರಿ ಶಾಲೆ ಮಾಸ್ತರು-ಬಾಯಾರು ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಜತೆಗೆ 2013ರಿಂದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಅಂತ ಪಾಠಗಳನ್ನ ತಾವೇ ಬರೆದು ಹಂಚಿದ್ದಾರೆ. ರೈತರ ಕಡೆಯಿಂದ ಹೇಳೋದಾದರೆ, ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ರೈತರ ಕೈಗೇ ಪೆನ್ನು ಕೊಟ್ಟಿದೆ. ಇಂಟರ್ನೆಟ್ ಬರೋದಕ್ಕೂ ಮುಂಚಿನ ಮಾತು ಅದು.

ನಾವೂ ಸಣ್ಣದಾಗಿ ಶುರು ಮಾಡಿದೀವಿ. ರಾಮದುರ್ಗ ತಾಲೂಕಿನ ಒಬ್ಬರು ಉಳ್ಳಾಗಡ್ಡಿ ಕಿತ್ತ ಮೇಲೆ ಹೊಲದಲ್ಲೇ ಸಾಲು ಹಾಕಿ ಒಣಗಿಸ್ತಾರೆ. ಒಂದು ಸಾಲಿನ ಸೊಪ್ಪು ಮುಂದಿನ ಸಾಲಿನ ಗಡ್ಡಿ ಮ್ಯಾಲೆ ನೆರಳಾಗೋ ಹಂಗ. ಮೂರ್ನಾಲ್ಕು ದಿನ ಬಿಟ್ಟು, ಕತ್ತರಿಸುವಾಗ ಒಂದು ಇಂಚು ಕುತ್ತಿಗೆ ಉಳಿಸ್ತಾರೆ. ಪುಸ್ತಕದಲ್ಲಿ ಇರೋದೂ ಇದೇ. ಆದರೆ ಪುಸ್ತಕದಲ್ಲಿ ಇಲ್ಲದ್ದು, ಕುತ್ತಿಗೆ ಒಣಗಿದೆಯೋ ಇಲ್ಲವೋ ಅಂತ ಅವರು ಎರಡು ಬೆರಳಲ್ಲಿ ಹೊಸಕಿ ನೋಡೋ ರೀತಿ. ಜಾರಿದರೆ ಇನ್ನೂ ಹಸಿ, ಸರಸರ ಅಂದ್ರೆ ಕೊಯ್ಯಬಹುದು. ಆರು ನಿಮಿಷ ಅದನ್ನ ಫೋನಿನಲ್ಲಿ ಹಿಡಿದ್ವಿ. ಹೊಲ ಯಾವ ಥರದ್ದು, ತಳಿ ಯಾವುದು, ಯಾವ ತಿಂಗಳು, ಹೋದ ವರ್ಷ ಎಷ್ಟು ಕೊಳೀತು, ಈ ನಾಲ್ಕನ್ನೂ ಅವರ ಬಾಯಿಂದಲೇ ಹೇಳಿಸಿದ್ವಿ. ಕೊನೆಗೆ "ಯಾರು ಬೇಕಾದ್ರೂ ಹಂಚ್ರಿ, ನನ್ನ ಊರಿನ ಹೆಸರು ಬಿಡಬ್ಯಾಡ್ರಿ" ಅಂತ ಅವರೇ ಹೇಳಿದ್ರು. ಅದೇ ನಮ್ಮ ಲೈಸೆನ್ಸು.

ನೀವು ಶುರು ಮಾಡೋದಾದರೆ

ಸ್ವಯಂನಲ್ಲಿ ಬಹುಪಾಲು ಕೋರ್ಸುಗಳು ಜನವರಿ ಮತ್ತು ಜುಲೈಗೆ ಶುರುವಾಗ್ತವೆ. ಜುಲೈ ಅಂದ್ರೆ ನಮಗೆ ಎಡೆ, ಕಳೆ, ಸೋಯಾ ಗದ್ದಲ. ಜನವರಿಯದೇ ನಮ್ಮವರಿಗೆ ಸ್ವಲ್ಪ ಹಗುರ, ಕಬ್ಬು ಇರೋರನ್ನ ಬಿಟ್ಟು. ಮೊದಲ ಸಲ ಹನ್ನೆರಡು ವಾರದ್ದಕ್ಕೆ ಹೋಗಬ್ಯಾಡ್ರಿ, ನಾಲ್ಕು ಇಲ್ಲಾ ಎಂಟು ವಾರದ್ದು ಆರಿಸ್ರಿ. ಐದು ಮಂದಿ ಸಾಕು. ಒಬ್ಬರಿಗೆ ಇಂಗ್ಲಿಷ್ ಬರಬೇಕು, ಒಬ್ಬರಿಗಾದರೂ ಐವತ್ತು ದಾಟಿರಬೇಕು. ಎರಡನೇ ಶರತ್ತನ್ನ ಬಿಡಬ್ಯಾಡ್ರಿ, "ಇದು ನಮ್ಮಲ್ಲಿ ನಡೆಯೋದಿಲ್ಲ, ಯಾಕಂದ್ರ..." ಅಂತ ಹೇಳೋರು ಅವರೇ.

ಸೇರೋ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಕಾರ್ಡ್ ಕೈಯಲ್ಲಿ ಇಟ್ಕೊಳ್ರಿ. ಬೆಳೆ ಕೋರ್ಸ್ ಆದರೆ ಕಲಿತದ್ದನ್ನ ಮೊದಲ ವರ್ಷ ನಾಲ್ಕೈದು ಗುಂಟೆಯಲ್ಲಿ ಮಾತ್ರ ಮಾಡ್ರಿ, ಪಕ್ಕದಲ್ಲೇ ಹಳೇ ಪದ್ಧತಿಯದೂ ಅಷ್ಟೇ ಜಾಗ ಇರಲಿ. ನಡುವೆ ಸಂಶಯ ಬಂದ್ರೆ ಕೋರ್ಸಿನ ಉತ್ತರಕ್ಕೆ ವಾರಗಟ್ಟಲೆ ಕಾಯಬ್ಯಾಡ್ರಿ. ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಕನ್ನಡದಲ್ಲಿ ಮಾತಾಡ್ತಾರೆ, ಕರೆಗೆ ದುಡ್ಡಿಲ್ಲ. ಫೋನ್ ಮಾಡಿದ ಕೂಡಲೇ ಮೊದಲು ಮಣ್ಣಿನ ಬಣ್ಣ ಹೇಳ್ರಿ, ಆಮೇಲೆ ಬೆಳೆಯ ಹೆಸರು.